ಬೂದಿ ಬುಧವಾರದಿಂದ ಈಸ್ಟರ್‌ವರೆಗೆ: ತಪಸ್ಸು ಕಾಲ ಆಚರಿಸೋದು ಹೇಗೆ, ಉಳಿಸಿದ ದುಡ್ಡು ಮಿಷನ್‌ಗೆ ತಲುಪಿಸೋದು ಹೇಗೆ?

ಪ್ರತಿ ವರ್ಷ ಜನವರಿ ಮುಗಿಯುವ ಹೊತ್ತಿಗೆ ಅದೇ ನಾಲ್ಕೈದು ಪ್ರಶ್ನೆಗಳು ಬರುತ್ತವೆ. ಈ ಸಲ ಈಸ್ಟರ್ ಯಾವಾಗ? ಶುಕ್ರವಾರ ಮೊಟ್ಟೆ ತಿನ್ನಬಹುದಾ? ತಪಸ್ಸು ಕಾಲ (ಯೇಸು ಎದ್ದು ಬಂದ ಈಸ್ಟರ್ ಹಬ್ಬಕ್ಕೆ ಮುಂಚಿನ ಪ್ರಾರ್ಥನೆ, ಉಪವಾಸದ ದಿನಗಳು) ನಲವತ್ತು ದಿನ ಅಂತಾರೆ, ಎಣಿಸಿದರೆ ನಲವತ್ತಾರು ಬರುತ್ತಲ್ಲ? ಉಳಿಸಿದ ದುಡ್ಡನ್ನು ಮಿಷನ್ ಕೆಲಸಕ್ಕೆ (ಯೇಸುವಿನ ಮಾತು ತಲುಪದ ಕಡೆ ಚರ್ಚು ಮಾಡುವ ಕೆಲಸ) ಕೊಡಬೇಕು, ಯಾರ ಕೈಗೆ ಕೊಡೋದು? ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಉತ್ತರ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಒಂದೇ ಕಡೆ ಬರೆದಿದ್ದೇನೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಇಲ್ಲಿರುವುದು ಲತೀನ್ ರೀತಿಯ (ರೋಮಿನ ಪೂಜಾಪದ್ಧತಿ ಅನುಸರಿಸುವ) ಕಥೋಲಿಕರ ನಿಯಮಗಳು. ಸಿರಿಯನ್, ಬೈಜಾಂಟೈನ್ ಮುಂತಾದ ಪೂರ್ವ ರೀತಿಗಳಲ್ಲಿ ತಪಸ್ಸು ಕಾಲ ಸಾಮಾನ್ಯವಾಗಿ ಸೋಮವಾರವೇ ಶುರುವಾಗುತ್ತದೆ, ಉಪವಾಸದ ಕಟ್ಟುಪಾಡೂ ಬೇರೆ. ನೀವು ಆ ರೀತಿಯವರಾದರೆ ನಿಮ್ಮ ಗುರುಗಳನ್ನೇ (ಚರ್ಚಿನ ಫಾದರನ್ನೇ) ಕೇಳಿ.

ಬೇಕಾಗುವ ಸಾಮಾನು ಜಾಸ್ತಿ ಏನಿಲ್ಲ. ಒಂದು ಕ್ಯಾಲೆಂಡರ್, ಒಂದು ಚಿಕ್ಕ ನೋಟ್‌ಬುಕ್, ಬೈಬಲ್, ಮುಚ್ಚಳ ಇರುವ ಒಂದು ಖಾಲಿ ಡಬ್ಬಿ. ಡಬ್ಬಿ ಯಾಕೆ ಅಂತ ಆಮೇಲೆ ಗೊತ್ತಾಗುತ್ತದೆ.

1. ಮೊದಲು ದಿನಾಂಕ ಗುರುತು ಹಾಕಿಕೊಳ್ಳಿ

ಕ್ರಿಸ್‌ಮಸ್ ಥರ ಈಸ್ಟರ್‌ಗೆ ಒಂದೇ ದಿನಾಂಕ ಇಲ್ಲ. ಮಾರ್ಚ್ 21 ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆ ನೋಡಬೇಕು. ಆ ಹುಣ್ಣಿಮೆ ಕಳೆದ ಮೇಲಿನ ಮೊದಲ ಭಾನುವಾರ ಈಸ್ಟರ್. ಈ ಹುಣ್ಣಿಮೆ ಆಕಾಶ ನೋಡಿ ಹೇಳುವುದಲ್ಲ, ಧರ್ಮಸಭೆಯ (ಚರ್ಚಿನ) ಲೆಕ್ಕದ ಪಟ್ಟಿಯಿಂದ ಬರುವುದು. ಹಾಗಾಗಿ ಕೆಲವೊಮ್ಮೆ ಪಂಚಾಂಗದ ಹುಣ್ಣಿಮೆಗೂ ಇದಕ್ಕೂ ಒಂದೆರಡು ದಿನ ಆಚೀಚೆ ಆಗಬಹುದು. ಒಟ್ಟಿನಲ್ಲಿ ಈಸ್ಟರ್ ಮಾರ್ಚ್ 22ಕ್ಕಿಂತ ಮೊದಲು ಬರಲ್ಲ, ಏಪ್ರಿಲ್ 25 ದಾಟಲ್ಲ.

ಈಸ್ಟರ್‌ನಿಂದ 46 ದಿನ ಹಿಂದಕ್ಕೆ ಎಣಿಸಿದರೆ ತಪಸ್ಸು ಕಾಲ ಶುರುವಾಗುವ ಬೂದಿ ಬುಧವಾರ ಸಿಗುತ್ತದೆ. ಇದನ್ನು ವಿಭೂತಿ ಬುಧವಾರ ಅಂತಲೂ ಕರೆಯುತ್ತಾರೆ. 2026ರಲ್ಲಿ ಅದು ಫೆಬ್ರವರಿ 18, ಈಸ್ಟರ್ ಏಪ್ರಿಲ್ 5. 2027ರಲ್ಲಿ ಫೆಬ್ರವರಿ 10 ಮತ್ತು ಮಾರ್ಚ್ 28. 2028ರಲ್ಲಿ ಮಾರ್ಚ್ 1 ಮತ್ತು ಏಪ್ರಿಲ್ 16.

ಇನ್ನು ನಲವತ್ತರ ಲೆಕ್ಕ. ಆ 46 ದಿನಗಳಲ್ಲಿ ಆರು ಭಾನುವಾರ ಬರುತ್ತವೆ. ಭಾನುವಾರ ಯೇಸು ಎದ್ದು ಬಂದ ದಿನ, ಅವತ್ತು ಉಪವಾಸ ಇಲ್ಲ. ಆರನ್ನು ಕಳೆಯಿರಿ, ನಲವತ್ತು ಉಳಿಯಿತು ನೋಡಿ. ಪೂಜಾವಿಧಿಯ ಲೆಕ್ಕ ಸ್ವಲ್ಪ ಬೇರೆ: ಅದರ ಪ್ರಕಾರ ಪವಿತ್ರ ಗುರುವಾರ (ಈಸ್ಟರ್‌ಗೆ ಹಿಂದಿನ ಗುರುವಾರ) ಸಂಜೆಯ ಪೂಜೆ ಶುರುವಾಗುವ ಮುಂಚೆಯೇ ತಪಸ್ಸು ಕಾಲ ಮುಗಿಯುತ್ತದೆ. ಮನೆಯಲ್ಲಿ ಆಚರಿಸುವವರು ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

2. ಮೂರೇ ಮೂರು ತೀರ್ಮಾನ ಮಾಡಿ

ಪ್ರಾರ್ಥನೆ, ಉಪವಾಸ, ದಾನ. ತಪಸ್ಸು ಕಾಲದ ಮೂರು ಕೆಲಸ ಇವೇ. ಮತ್ತಾಯನ ಶುಭಸಂದೇಶದ (ಬೈಬಲಿನಲ್ಲಿ ಯೇಸುವಿನ ಬದುಕು ಹೇಳುವ ಪುಸ್ತಕ) 6ನೇ ಅಧ್ಯಾಯದಲ್ಲಿ ಮೂರೂ ಒಟ್ಟಿಗೆ ಬರುತ್ತವೆ. ಬೂದಿ ಬುಧವಾರ ಪೂಜೆಯಲ್ಲಿ ಓದುವುದೂ ಅದನ್ನೇ.

ಜನ ಎಡವುವುದು ಇಲ್ಲೇ. ಮೂರನ್ನೂ ಮೂರು ಬೇರೆ ಬೇರೆ ಲೆಕ್ಕ ಅಂದುಕೊಳ್ಳುತ್ತಾರೆ. ಸಿಹಿ ಬಿಟ್ಟೆ, ಅದು ಒಂದು ಕಡೆ. ಜಪಮಾಲೆ ಹೇಳಿದೆ, ಅದು ಇನ್ನೊಂದು ಕಡೆ. ಈಸ್ಟರ್ ದಿನ ಕಾಣಿಕೆ ತಟ್ಟೆಗೆ ಒಂದು ನೋಟು ಹಾಕಿದೆ, ಅದು ಮತ್ತೊಂದು ಕಡೆ. ಹಳೆಯ ಕ್ರೈಸ್ತರು ಹೀಗೆ ನೋಡುತ್ತಿರಲಿಲ್ಲ. 2ನೇ ಶತಮಾನದ ಒಂದು ಕ್ರೈಸ್ತ ಬರಹದಲ್ಲಿ ಉಪವಾಸ ಮಾಡೋದು ಹೇಗೆ ಅಂತ ಹೇಳಿದೆ. ಅವತ್ತು ನೀನು ತಿನ್ನಬೇಕಿದ್ದ ಊಟಕ್ಕೆ ಎಷ್ಟು ಖರ್ಚಾಗುತ್ತಿತ್ತೋ ಲೆಕ್ಕ ಹಾಕು, ಅಷ್ಟನ್ನು ವಿಧವೆಗೋ ಅನಾಥರಿಗೋ ಇಲ್ಲದವರಿಗೋ ಕೊಡು ಅನ್ನುತ್ತದೆ. ಅಂದರೆ ನೀವು ಬಿಟ್ಟ ತುತ್ತು ಇನ್ನೊಬ್ಬರ ತಟ್ಟೆಗೆ ಹೋಗಬೇಕು. ನನ್ನ ಪ್ರಕಾರ ಇಡೀ ತಪಸ್ಸು ಕಾಲವನ್ನು ಕೂರಿಸಬೇಕಾದ್ದು ಈ ಒಂದು ಲೆಕ್ಕದ ಮೇಲೆ.

ಹಾಗಾಗಿ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಮೂರು ಸಾಲು ಬರೆಯಿರಿ. ನಾನು ಬಿಡುವುದು ಏನು? ಅದರಿಂದ ಉಳಿಯುವುದು ಎಷ್ಟು, ಯಾರಿಗೆ? ದಿನಾ ಎಷ್ಟು ಹೊತ್ತಿಗೆ, ಎಲ್ಲಿ ಕೂತು ಪ್ರಾರ್ಥನೆ? "ಜಾಸ್ತಿ ಪ್ರಾರ್ಥನೆ ಮಾಡ್ತೀನಿ" ಅಂತ ಬರೆದರೆ ಆಗುವ ಕೆಲಸವಲ್ಲ. "ರಾತ್ರಿ ಊಟವಾದ ಮೇಲೆ ಹತ್ತು ನಿಮಿಷ, ಅವತ್ತಿನ ಶುಭಸಂದೇಶ" ಅಂತ ಬರೆಯಿರಿ.

ಒಂದು ವರ್ಷ ನಾನು ಏಳು ತೀರ್ಮಾನ ಬರೆದಿದ್ದೆ. ಎರಡನೇ ಶುಕ್ರವಾರ ಬರುವಷ್ಟರಲ್ಲಿ ಏಳೂ ಹೋಗಿದ್ದವು. ಮೂರು ಸಾಕು.

ಬಿಡುವುದು ತಿನ್ನುವ ವಸ್ತುವೇ ಆಗಬೇಕಿಲ್ಲ. ದುಡ್ಡು ಖರ್ಚಾಗುವ ಯಾವುದಾದರೂ ಆಗಬಹುದು. ಹೊರಗಿನ ತಿಂಡಿ, ಸಿನಿಮಾ, ಆನ್‌ಲೈನ್ ಶಾಪಿಂಗ್, ಸಿಗರೇಟು. ಫೋನ್ ನೋಡುವುದನ್ನು ಬಿಟ್ಟರೆ ದುಡ್ಡು ಉಳಿಯಲ್ಲ, ಹೊತ್ತು ಉಳಿಯುತ್ತದೆ. ಆ ಹೊತ್ತನ್ನೇ ಯಾರಿಗಾದರೂ ಕೊಡಿ. ಆದರೆ "ಹೇಗೂ ತೂಕ ಇಳಿಸಬೇಕಿತ್ತು" ಅಂತ ಊಟ ಬಿಡಬೇಡಿ. ಅದು ಡಯಟ್, ತಪಸ್ಸಲ್ಲ.

3. ಬೂದಿ ಬುಧವಾರ

ಹಿಂದಿನ ವರ್ಷ ಗರಿಗಳ ಭಾನುವಾರ (ಈಸ್ಟರ್‌ಗೆ ಹಿಂದಿನ ಭಾನುವಾರ) ಆಶೀರ್ವದಿಸಿದ ಗರಿಗಳನ್ನು ಸುಟ್ಟು ಈ ಬೂದಿ ಮಾಡುತ್ತಾರೆ. ಮನೆಯ ಶಿಲುಬೆಗೆ ಸಿಕ್ಕಿಸಿಟ್ಟ ಒಣ ಗರಿ ಇದ್ದರೆ ಕಸಕ್ಕೆ ಹಾಕಬೇಡಿ, ಒಂದು ವಾರ ಮೊದಲೇ ದೇವಾಲಯಕ್ಕೆ ಕೊಟ್ಟುಬಿಡಿ.

ಹಣೆಗೋ ನೆತ್ತಿಗೋ ಬೂದಿ ಹಾಕುವಾಗ ಗುರುಗಳು ಎರಡರಲ್ಲಿ ಒಂದು ಮಾತು ಹೇಳುತ್ತಾರೆ. ಒಂದು, ಪಶ್ಚಾತ್ತಾಪಪಟ್ಟು ಶುಭಸಂದೇಶದಲ್ಲಿ ವಿಶ್ವಾಸವಿಡು ಅನ್ನುವ ಅರ್ಥದ್ದು. ಇನ್ನೊಂದು, ನೀನು ಮಣ್ಣು, ಮಣ್ಣಿಗೇ ಮರಳುತ್ತೀಯ ಅನ್ನುವ ಅರ್ಥದ್ದು.

ಅವತ್ತು ಪೂಜೆಗೆ ಹೋಗಲೇಬೇಕು ಅನ್ನುವ ಕಡ್ಡಾಯ ಇಲ್ಲ. ಇದು ಕೇಳಿ ತುಂಬ ಜನಕ್ಕೆ ಆಶ್ಚರ್ಯ. ಉಪವಾಸ ಮಾತ್ರ ಕಡ್ಡಾಯ. ಕೆಲಸದ ಮಧ್ಯೆ ಚರ್ಚಿಗೆ ಹೋಗಲು ಆಗದೇ ಇದ್ದರೆ ಪಾಪ ಅಂತ ಕೊರಗಬೇಡಿ. ಆದರೆ ಬೂದಿ ಹಚ್ಚಿಸಿಕೊಂಡು ಬಂದು ಊಟದ ವಿಷಯ ಮರೆತರೆ ಲೆಕ್ಕ ತಲೆಕೆಳಗಾಯಿತು ಅಷ್ಟೇ. ಬೂದಿ ಸಂಸ್ಕಾರವಲ್ಲ (ಜ್ಞಾನಸ್ನಾನದಂಥ ದೊಡ್ಡ ವಿಧಿಯಲ್ಲ), ಗುರುತು. ಹಾಗಾಗಿ ಕಥೋಲಿಕರಲ್ಲದ ಸ್ನೇಹಿತರು ಜೊತೆಗೆ ಬಂದರೆ ಅವರೂ ಹಾಕಿಸಿಕೊಳ್ಳಬಹುದು.

4. ಉಪವಾಸ ಬೇರೆ, ಮಾಂಸ ಬಿಡುವುದು ಬೇರೆ

ಅತಿ ಹೆಚ್ಚು ಗೊಂದಲ ಇರುವ ಭಾಗ ಇದು. ನಿಧಾನವಾಗಿ ಓದಿ.

ಮಾಂಸ ಬಿಡುವ ದಿನಗಳು: ಬೂದಿ ಬುಧವಾರ, ಶುಭ ಶುಕ್ರವಾರ (ಯೇಸು ಶಿಲುಬೆಯ ಮೇಲೆ ಸತ್ತ ದಿನ), ತಪಸ್ಸು ಕಾಲದ ಎಲ್ಲ ಶುಕ್ರವಾರಗಳು. 14 ವರ್ಷ ತುಂಬಿದ ಎಲ್ಲರಿಗೂ ಇದು ಅನ್ವಯ. ಮೇಲಿನ ವಯಸ್ಸಿಗೆ ಮಿತಿ ಇಲ್ಲ, ಅಜ್ಜ ಅಜ್ಜಿಗೂ ಉಂಟು. ಮೀನು ತಿನ್ನಬಹುದು. ಮೊಟ್ಟೆ, ಹಾಲು, ಬೆಣ್ಣೆ, ತುಪ್ಪ ಎಲ್ಲ ಆಗುತ್ತದೆ. ಕೋಳಿ ಆಗಲ್ಲ, ಕೋಳಿಯೂ ಮಾಂಸವೇ.

ಉಪವಾಸದ ದಿನಗಳು ಎರಡೇ: ಬೂದಿ ಬುಧವಾರ ಮತ್ತು ಶುಭ ಶುಕ್ರವಾರ. 18 ತುಂಬಿದವರಿಂದ 59 ತುಂಬುವವರೆಗಿನವರಿಗೆ ಇದು ಕಡ್ಡಾಯ. ನಿಯಮದಲ್ಲಿ "ಅರವತ್ತನೇ ವರ್ಷ ಶುರುವಾಗುವವರೆಗೆ" ಅಂತಿದೆ. ಐವತ್ತೊಂಬತ್ತು ತುಂಬಿದ ದಿನ ಅರವತ್ತನೆಯದು ಶುರು ಅಲ್ವಾ? ಇದನ್ನೇ ಜನ ಅರವತ್ತು ಅಂತ ತಪ್ಪಾಗಿ ಹೇಳುವುದು.

ಉಪವಾಸ ಅಂದರೆ ಏನೂ ತಿನ್ನದೆ ಇರುವುದಲ್ಲ. ದಿನಕ್ಕೆ ಒಂದೇ ಹೊಟ್ಟೆತುಂಬ ಊಟ. ಉಳಿದ ಎರಡು ಹೊತ್ತು ಸ್ವಲ್ಪ ಏನಾದರೂ ತಿನ್ನಬಹುದು. ನೀರು, ಔಷಧಿಯಿಂದ ಉಪವಾಸ ಮುರಿಯಲ್ಲ. ಇದು 1966ರಲ್ಲಿ ಪೋಪ್ 6ನೇ ಪಾವ್ಲರು ಸಡಿಲ ಮಾಡಿದ ನಿಯಮ. ಅದಕ್ಕೂ ಮೊದಲು ಇದ್ದದ್ದು ಇನ್ನೂ ಕಠಿಣ.

ಕಾಯಿಲೆ ಇದ್ದವರು, ಬಸುರಿ ಬಾಣಂತಿಯರು, ಮೈಮುರಿದು ದುಡಿಯುವವರಿಗೆ ವಿನಾಯಿತಿ ಉಂಟು. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಭಕ್ತಿಯಿಂದ ಊಟ ಬಿಟ್ಟು ತಲೆ ಸುತ್ತಿ ಬೀಳುವುದು ಯಾರಿಗೂ ಬೇಡ. ಡಾಕ್ಟರ ಮಾತು ಮೊದಲು. ಅಂಥವರು ಊಟದ ಬದಲು ಬೇರೆ ಏನನ್ನಾದರೂ ಬಿಡಲಿ.

ಇನ್ನೊಂದು ಸೂಕ್ಷ್ಮ. ಶುಕ್ರವಾರವೇ ಧರ್ಮಸಭೆಯ ದೊಡ್ಡ ಹಬ್ಬ ಬಿದ್ದರೆ ಮಾಂಸ ಬಿಡುವ ನಿಯಮ ಅವತ್ತಿಗೆ ಇಲ್ಲ. ಉದಾಹರಣೆಗೆ 2027ರ ಮಾರ್ಚ್ 19 ಶುಕ್ರವಾರ, ಅವತ್ತು ಸಂತ ಜೋಸೆಫರ ಮಹೋತ್ಸವ. ಅವತ್ತು ತಿನ್ನಬಹುದು. "ಅಯ್ಯೋ ಶುಕ್ರವಾರ!" ಅಂತ ಪಕ್ಕದವರು ಕಣ್ಣು ದೊಡ್ಡದು ಮಾಡಿದರೆ ಈ ಕಾರಣ ಹೇಳಿ.

ಆಯಾ ದೇಶದ ಧರ್ಮಾಧ್ಯಕ್ಷರ (ಬಿಷಪ್‌ಗಳ) ಮಂಡಳಿ ಈ ನಿಯಮಗಳನ್ನು ತಮ್ಮಲ್ಲಿಗೆ ಹೊಂದುವಂತೆ ಮಾಡಬಹುದು. ಕೆಲವು ಕಡೆ ಶುಕ್ರವಾರದ ಮಾಂಸದ ಬದಲು ಬೇರೆ ತ್ಯಾಗಕ್ಕೂ ಅವಕಾಶ ಇದೆ. ಆದ್ದರಿಂದ ನಿಮ್ಮ ಧರ್ಮಪ್ರಾಂತ್ಯದ (ಒಬ್ಬ ಧರ್ಮಾಧ್ಯಕ್ಷರ ಕೆಳಗಿನ ಪ್ರದೇಶ) ಸುತ್ತೋಲೆಯನ್ನು ಒಮ್ಮೆ ನೋಡಿ.

5. ಡಬ್ಬಿ ಇಡಿ, ಆ ದಿನವೇ ಹಾಕಿ

ಡಬ್ಬಿಯನ್ನು ಅಲಮಾರಿಯಲ್ಲಿ ಇಡಬೇಡಿ. ಊಟದ ಮೇಜಿನ ಮೇಲೋ, ನೀವು ದಿನಾ ಕೂರುವ ಜಾಗದಲ್ಲೋ ಕಣ್ಣಿಗೆ ಬೀಳುವಂತೆ ಇಡಿ. ಬಿಟ್ಟ ದಿನವೇ, ಬಿಟ್ಟ ವಸ್ತುವಿನ ಬೆಲೆಯನ್ನೇ ಅದರೊಳಗೆ ಹಾಕಿ. "ಕೊನೆಗೆ ಒಟ್ಟಿಗೆ ಲೆಕ್ಕ ಹಾಕಿ ಕೊಡೋಣ" ಅಂದುಕೊಂಡ ದುಡ್ಡು ಎಲ್ಲೂ ಹೋಗಿ ಸೇರುವುದಿಲ್ಲ, ಜೇಬಿನಲ್ಲೇ ಕರಗುತ್ತದೆ. ಫೋನಿನಲ್ಲೇ ಖರ್ಚು ಮಾಡುವವರು ನೋಟ್‌ಬುಕ್ಕಿನಲ್ಲಿ ದಿನಾಂಕ ಮತ್ತು ಮೊತ್ತ ಬರೆದಿಡಿ, ವಾರಕ್ಕೊಮ್ಮೆ ಬೇರೆ ಖಾತೆಗೆ ಹಾಕಿ.

ಮಕ್ಕಳಿದ್ದರೆ ಡಬ್ಬಿ ಅವರ ಕೈಗೇ ಕೊಡಿ. ಆದರೆ ಅವರ ಪಾಲಿನದನ್ನು ನೀವು ತುಂಬಬೇಡಿ. ಮಗು ಒಂದು ಚಾಕೊಲೇಟು ಬಿಟ್ಟು, ಆ ನಾಣ್ಯವನ್ನು ತಾನೇ ಹಾಕಿ, ಒಳಗೆ ಬಿದ್ದ ಸದ್ದು ಕೇಳಿದರೆ ಸಾಕು. ಮೊತ್ತ ಎಷ್ಟಾಯಿತು ಅನ್ನುವುದು ಆಮೇಲಿನ ಮಾತು.

6. ಶುಕ್ರವಾರಗಳು ಮತ್ತು ಪಾಪನಿವೇದನೆ

ಶುಕ್ರವಾರ ಸಂಜೆ ಹೆಚ್ಚಿನ ದೇವಾಲಯಗಳಲ್ಲಿ ಶಿಲುಬೆಯ ಹಾದಿ ಇರುತ್ತದೆ. ಯೇಸುವಿಗೆ ಮರಣದಂಡನೆ ಆದಲ್ಲಿಂದ ಸಮಾಧಿ ಮಾಡುವವರೆಗಿನ 14 ಸ್ಥಳಗಳಲ್ಲಿ ನಿಂತು ಪ್ರಾರ್ಥಿಸುವುದು. ಮನೆಯಲ್ಲೂ ಮಾಡಬಹುದು.

ಪಾಪನಿವೇದನೆಯನ್ನು (ಗುರುಗಳ ಮುಂದೆ ಪಾಪ ಒಪ್ಪಿಕೊಳ್ಳುವುದು) ಪವಿತ್ರ ವಾರಕ್ಕೆ (ಈಸ್ಟರ್‌ಗೆ ಹಿಂದಿನ ವಾರ) ಇಟ್ಟುಕೊಳ್ಳಬೇಡಿ. ಆ ವಾರ ಸಾಲು ಉದ್ದ, ಗುರುಗಳಿಗೂ ಉಸಿರಾಡಲು ಬಿಡುವಿಲ್ಲ. ಮೂರನೇ, ನಾಲ್ಕನೇ ವಾರದಲ್ಲಿ ಹೋದರೆ ನಿಧಾನವಾಗಿ ಮಾತಾಡಬಹುದು. ದೊಡ್ಡ ಪಾಪ ಇದ್ದರೆ ವರ್ಷಕ್ಕೊಮ್ಮೆಯಾದರೂ ನಿವೇದಿಸಬೇಕು, ವರ್ಷಕ್ಕೊಮ್ಮೆಯಾದರೂ, ಅದೂ ಈಸ್ಟರ್ ಕಾಲದಲ್ಲಿ, ಪರಮಪ್ರಸಾದ (ಪೂಜೆಯಲ್ಲಿ ಯೇಸುವಿನ ದೇಹವೆಂದು ಕೊಡುವ ರೊಟ್ಟಿ) ಸ್ವೀಕರಿಸಬೇಕು. ಧರ್ಮಸಭೆ ಕೇಳುವ ಕನಿಷ್ಠ ಇಷ್ಟೇ. ವರ್ಷಗಟ್ಟಲೆ ಹೋಗದವರು "ಹೇಗೆ ಶುರುಮಾಡಬೇಕು ಮರೆತುಹೋಗಿದೆ ಫಾದರ್" ಅಂತಲೇ ಶುರುಮಾಡಿ. ಮುಂದಿನದನ್ನು ಅವರು ನಡೆಸಿಕೊಡುತ್ತಾರೆ.

7. ಪವಿತ್ರ ವಾರ: ರಜೆ ಹಾಕುವುದಾದರೆ ಈ ದಿನಗಳಿಗೆ

ಗರಿಗಳ ಭಾನುವಾರ ಎಲ್ಲರೂ ಬರುತ್ತಾರೆ, ಅದನ್ನು ಹೇಳಬೇಕಾಗಿಲ್ಲ. ಗುರುವಾರ ಸಂಜೆ ಯೇಸುವಿನ ಕಡೆಯ ಭೋಜನದ ಪೂಜೆ. ಅದರಲ್ಲಿ ಗುರುಗಳು ಭಕ್ತರ ಪಾದ ತೊಳೆಯುತ್ತಾರೆ. 2016ರಿಂದ ಹೆಂಗಸರ ಪಾದ ತೊಳೆಯುವುದಕ್ಕೂ ನಿಯಮದಲ್ಲಿ ಅವಕಾಶ ಇದೆ. ಅವತ್ತು ಮಹಿಮಾಗೀತೆಯ ಹೊತ್ತಿಗೆ ಬಾರಿಸಿದ ಗಂಟೆ ಮತ್ತೆ ಕೇಳುವುದು ಶನಿವಾರ ರಾತ್ರಿಯೇ.

ಶುಭ ಶುಕ್ರವಾರ ಬಲಿಪೂಜೆಯೇ (ಚರ್ಚಿನ ಮಾಮೂಲಿ ಪೂಜೆ) ಇರುವುದಿಲ್ಲ. ಮಧ್ಯಾಹ್ನ ಸುಮಾರು ಮೂರರ ಹೊತ್ತಿಗೆ ವಾಚನ, ಶಿಲುಬೆಯ ಆರಾಧನೆ, ಹಿಂದಿನ ದಿನ ಇಟ್ಟ ಪರಮಪ್ರಸಾದ. ಅವತ್ತಿನ ಕಾಣಿಕೆ ಸಾಮಾನ್ಯವಾಗಿ ಯೇಸು ಬಾಳಿದ ಪವಿತ್ರ ನಾಡಿನ ಕ್ರೈಸ್ತರಿಗೆ ಹೋಗುತ್ತದೆ. ಅದು ಮಿಷನ್ ನಿಧಿಯಲ್ಲ. ಡಬ್ಬಿಯ ದುಡ್ಡನ್ನು ಅಲ್ಲಿ ಸುರಿದು ಆಮೇಲೆ "ಮಿಷನ್‌ಗೆ ಕೊಟ್ಟೆ" ಅನ್ನಬೇಡಿ.

ಶನಿವಾರ ರಾತ್ರಿಯ ಪಾಸ್ಖ (ಈಸ್ಟರ್) ಜಾಗರಣೆ ನೋಡದವರು ಈಸ್ಟರ್‌ನ ಅರ್ಧವನ್ನೇ ನೋಡಿದಂತೆ. ಕತ್ತಲಾದ ಮೇಲೇ ಶುರುಮಾಡಬೇಕು ಅಂತ ನಿಯಮ. ಹೊರಗೆ ಬೆಂಕಿ ಹಚ್ಚುತ್ತಾರೆ. ದೊಡ್ಡ ಮೇಣದಬತ್ತಿಯ ಮೇಲೆ ಶಿಲುಬೆ, ಗ್ರೀಕ್ ಅಕ್ಷರಮಾಲೆಯ ಮೊದಲ ಮತ್ತು ಕಡೆಯ ಅಕ್ಷರ, ಆ ವರ್ಷದ ನಾಲ್ಕು ಅಂಕಿ ಕೊರೆದು, ಐದು ಧೂಪದ ಕಾಳು ಚುಚ್ಚುತ್ತಾರೆ, ಐದು ಗಾಯಗಳ ಗುರುತಿಗೆ. ಕತ್ತಲೆಯ ದೇವಾಲಯಕ್ಕೆ ಅದೊಂದೇ ಬೆಳಕು ಒಳಗೆ ಬರುತ್ತದೆ. ಆಮೇಲೆ ಒಬ್ಬರಿಂದ ಒಬ್ಬರಿಗೆ ಸಣ್ಣ ಬತ್ತಿಗಳು ಹತ್ತಿಕೊಳ್ಳುತ್ತವೆ. ಹಳೆಯ ಒಡಂಬಡಿಕೆಯಿಂದ ಏಳು ವಾಚನಗಳಿವೆ. ಕೆಲವನ್ನು ಬಿಡಬಹುದು, ಆದರೆ ಇಸ್ರಯೇಲರು ಕೆಂಪು ಸಮುದ್ರ ದಾಟಿದ ವಾಚನ ಬಿಡುವ ಹಾಗಿಲ್ಲ. ಉದ್ದ ಅಂತ ಗೊಣಗಬೇಡಿ, ಮಕ್ಕಳಿಗೆ ಮಧ್ಯಾಹ್ನ ನಿದ್ದೆ ಮಾಡಿಸಿ ಕರೆತನ್ನಿ. ಇಲ್ಲಿಗೆ ಬಂದವರಿಗೆ ಭಾನುವಾರದ ಪೂಜೆಯ ಕಡ್ಡಾಯ ತೀರಿತು. ಬೆಳಗ್ಗೆ ಮತ್ತೆ ಹೋದರೆ ಮತ್ತೆ ಪರಮಪ್ರಸಾದ ತೆಗೆದುಕೊಳ್ಳಬಹುದು.

8. ಡಬ್ಬಿ ತೆರೆಯಿರಿ: ಮಿಷನ್‌ಗೆ ತಲುಪಿಸುವ ಬಗೆ

ಮಿಷನ್ ಅಂದರೆ ಶುಭಸಂದೇಶ ಇನ್ನೂ ತಲುಪದ, ಅಥವಾ ತಲುಪಿಯೂ ತನ್ನ ಕಾಲ ಮೇಲೆ ನಿಲ್ಲದ ಜಾಗದಲ್ಲಿ ಧರ್ಮಸಭೆ ಮಾಡುವ ಕೆಲಸ. ಪ್ರಾರ್ಥನಾ ಮಂದಿರ, ಉಪದೇಶಿಗಳ (ಧರ್ಮಪಾಠ ಕಲಿಸುವವರು) ತರಬೇತಿ, ಗುರುಮಠದ (ಗುರುಗಳಾಗಲು ಓದುವ ಮನೆ) ಖರ್ಚು, ಶಾಲೆ, ಆಸ್ಪತ್ರೆ ಎಲ್ಲ ಇದರಲ್ಲಿ ಬರುತ್ತವೆ.

ಸಣ್ಣ ದುಡ್ಡಿನಿಂದ ಏನಾಗುತ್ತೆ ಅಂತ ಕೇಳುವವರಿಗೆ ಪೌಲೀನ್ ಜಾರಿಕೋ ಗೊತ್ತಿರಬೇಕು. ಫ್ರಾನ್ಸಿನ ಲಿಯೋನ್ ಪಟ್ಟಣದ ಹೆಣ್ಣುಮಗಳು, ಹುಟ್ಟಿದ್ದು 1799ರಲ್ಲಿ. ರೇಷ್ಮೆ ಕಾರ್ಖಾನೆಯ ಕೆಲಸದವರನ್ನು ಹತ್ತು ಹತ್ತು ಜನರ ಗುಂಪು ಮಾಡಿದಳು. ಒಬ್ಬೊಬ್ಬರು ದಿನಾ ಒಂದು ಪ್ರಾರ್ಥನೆ ಹೇಳಬೇಕು, ವಾರಕ್ಕೆ ಒಂದು ಸೂ ಕೊಡಬೇಕು. ಸೂ ಅಂದರೆ ಆ ಕಾಲದ ಚಿಲ್ಲರೆ ನಾಣ್ಯ. ಹತ್ತು ಗುಂಪಿಗೆ ಒಬ್ಬ ಮೇಲ್ವಿಚಾರಕ, ಅದರ ಮೇಲೆ ಇನ್ನೊಬ್ಬ. ಇದರಿಂದಲೇ 1822ರಲ್ಲಿ ವಿಶ್ವಾಸ ಪ್ರಸಾರ ಸಂಘ ಹುಟ್ಟಿತು. ಸರಿಯಾಗಿ ನೂರು ವರ್ಷಕ್ಕೆ, 1922ರಲ್ಲಿ, ಪೋಪ್ 11ನೇ ಪಿಯುಸರು ಅದನ್ನು ಪೋಪರದೇ ಸಂಸ್ಥೆ ಮಾಡಿದರು. ಈಗ ಇಂಥ ನಾಲ್ಕು ಪೋಪರ ಮಿಷನ್ ಸಂಘಗಳಿವೆ. ಇದಲ್ಲದೆ ಮಕ್ಕಳಿಗಾಗಿ 1843ರಲ್ಲಿ ಒಂದು, ಗುರುಗಳಾಗಲು ಓದುವವರಿಗಾಗಿ 1889ರಲ್ಲಿ ಒಂದು, ಗುರುಗಳು ಮತ್ತು ಕನ್ಯಾಸ್ತ್ರೀಯರಲ್ಲಿ ಮಿಷನ್ ಹುರುಪು ತುಂಬಲು 1916ರಲ್ಲಿ ಒಂದು.

ಕೊಡುವ ಕ್ರಮ ಹೀಗೆ. ಮನೆಯವರೆಲ್ಲ ಕೂತು ಡಬ್ಬಿ ಎಣಿಸಿ, ಮೊತ್ತ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಲಕೋಟೆಗೆ ಹಾಕಿ ಅದರ ಮೇಲೆ "ಮಿಷನ್ ಕೆಲಸಕ್ಕೆ" ಅಂತ ಸ್ಪಷ್ಟವಾಗಿ ಬರೆಯಿರಿ. ಈ ಎರಡು ಪದ ಮುಖ್ಯ. ಒಂದು ಉದ್ದೇಶಕ್ಕೆ ಅಂತ ಕೊಟ್ಟ ಕಾಣಿಕೆಯನ್ನು ಆ ಉದ್ದೇಶಕ್ಕೇ ಬಳಸಬೇಕು ಅಂತ ಧರ್ಮಸಭೆಯ ಕಾನೂನಿನಲ್ಲೇ ಇದೆ. ಏನೂ ಬರೆಯದ ಲಕೋಟೆ ಸಾಮಾನ್ಯ ಖರ್ಚಿಗೆ ಸೇರಿಹೋದರೆ ತಪ್ಪು ನಿಮ್ಮದೇ. ಧರ್ಮಕೇಂದ್ರದ (ನಿಮ್ಮ ಊರಿನ ಚರ್ಚಿನ) ಕಚೇರಿಗೆ ಕೊಟ್ಟು ರಸೀದಿ ಕೇಳಿ. ರಸೀದಿ ಕೇಳಿದರೆ ಅನುಮಾನಪಟ್ಟ ಹಾಗೆ ಅಂತ ಸಂಕೋಚ ಬೇಡ. ಭಕ್ತರು ಕೊಟ್ಟದ್ದಕ್ಕೆ ಭಕ್ತರಿಗೆ ಲೆಕ್ಕ ಕೊಡಬೇಕು ಅಂತಲೂ ಅದೇ ಕಾನೂನು ಹೇಳುತ್ತದೆ. ಪ್ರತಿ ಧರ್ಮಪ್ರಾಂತ್ಯದಲ್ಲೂ ಮಿಷನ್ ಕೆಲಸ ನೋಡಿಕೊಳ್ಳಲು ಒಬ್ಬ ಗುರುವನ್ನು ನೇಮಿಸಿರಬೇಕು. ನಿಮ್ಮ ಧರ್ಮಕೇಂದ್ರದಲ್ಲಿ ಸರಿಯಾಗಿ ಗೊತ್ತಾಗದಿದ್ದರೆ ಅವರನ್ನು ಹುಡುಕಿ.

ಮೋಸದ ವಿಷಯಕ್ಕೆ ಬರೋಣ. ಹಬ್ಬದ ಹಿಂದೆ ಮುಂದೆ ವಾಟ್ಸಾಪ್‌ನಲ್ಲಿ ಗುರುಗಳ ಫೋಟೋ ಇಟ್ಟುಕೊಂಡು "ತುರ್ತಾಗಿ ಕಳಿಸಿ" ಅನ್ನುವ ಸಂದೇಶಗಳು ಬರುತ್ತವೆ. ಫೋಟೋ ಯಾರು ಬೇಕಾದರೂ ಇಡಬಹುದು. ನಿಮಗೆ ಮೊದಲಿಂದ ಗೊತ್ತಿರುವ ನಂಬರಿಗೆ ಫೋನ್ ಮಾಡಿ, ದನಿ ಕೇಳಿದ ಮೇಲೇ ಮುಂದಿನ ಮಾತು. ಜಾರಿಕೋ ಕೂಡ ಮೋಸ ಹೋದವಳೇ. ಕಾರ್ಮಿಕರ ಒಳ್ಳೆಯದಕ್ಕೆ ಅಂತ ಕಬ್ಬಿಣದ ಕಾರ್ಖಾನೆಗೆ ದುಡ್ಡು ಹಾಕಿದಳು, ನಂಬಿದವರೇ ಮುಳುಗಿಸಿದರು. 1862ರಲ್ಲಿ ತೀರಿಕೊಂಡಾಗ ಕೈಯಲ್ಲಿ ಏನೂ ಇರಲಿಲ್ಲ. 2022ರ ಮೇ 22ರಂದು ಅವಳನ್ನು ಧನ್ಯಳೆಂದು (ಸಂತಪದವಿಗೆ ಹಿಂದಿನ ಮೆಟ್ಟಿಲು) ಘೋಷಿಸಿದರು.

ಹಳೆ ಬಟ್ಟೆ, ಮುರಿದ ಆಟಿಕೆ ಮೂಟೆ ಕಟ್ಟಿ ಮಿಷನ್‌ಗೆ ಕಳಿಸುವುದು ಇನ್ನೊಂದು ತಪ್ಪು. ಅದನ್ನು ಸಾಗಿಸುವ ಖರ್ಚೇ ಅವರಿಗೆ ಹೊರೆ. ಏನು ಬೇಕು ಅಂತ ಕೇಳಿ, ಆಮೇಲೆ ಕಳಿಸಿ.

ದುಡ್ಡು ಇಲ್ಲದವರು ಏನು ಮಾಡೋದು? ಮಿಷನ್‌ಗಳಿಗೆ ಇಬ್ಬರು ಪಾಲಕ ಸಂತರಿದ್ದಾರೆ. ಒಬ್ಬರು ಸಮುದ್ರ ದಾಟಿ ಏಷ್ಯಾದ ಉದ್ದಗಲ ತಿರುಗಿದ ಫ್ರಾನ್ಸಿಸ್ ಕ್ಸೇವಿಯರ್. ಇನ್ನೊಬ್ಬರು ಒಂದು ದಿನವೂ ಮಿಷನ್‌ಗೆ ಹೋಗದೆ ಮಠದೊಳಗೇ ಪ್ರಾರ್ಥಿಸಿ 24ಕ್ಕೆ ತೀರಿಕೊಂಡ ಲಿಸ್ಯುವಿನ ತೆರೇಸಾ. ಹಾಸಿಗೆ ಹಿಡಿದವರೂ ಇದನ್ನು ಮಾಡಬಹುದು. ಅದಕ್ಕೆ ಮಿಷನ್ ಜಪಮಾಲೆ ಒಳ್ಳೆಯ ದಾರಿ. 1951ರಲ್ಲಿ ಅಮೆರಿಕದ ಧರ್ಮಾಧ್ಯಕ್ಷ ಫುಲ್ಟನ್ ಶೀನ್ ಶುರುಮಾಡಿದ್ದು ಇದು. ಹತ್ತು ಹತ್ತು ಮಣಿಗಳ ಐದು ಗುಂಪಿಗೂ ಐದು ಬಣ್ಣ: ಹಸಿರು ಆಫ್ರಿಕಾಕ್ಕೆ, ಕೆಂಪು ಅಮೆರಿಕ ಖಂಡಗಳಿಗೆ, ಬಿಳಿ ಯುರೋಪಿಗೆ, ನೀಲಿ ಪೆಸಿಫಿಕ್ ದ್ವೀಪಗಳಿಗೆ, ಹಳದಿ ಏಷ್ಯಾಕ್ಕೆ. ಬಣ್ಣದ ಮಾಲೆ ಇಲ್ಲದಿದ್ದರೆ ಸುಮ್ನೆ ಮಾಮೂಲಿ ಜಪಮಾಲೆಯಲ್ಲೇ ಒಂದೊಂದು ಹತ್ತನ್ನು ಒಂದೊಂದು ಖಂಡಕ್ಕೆ ಹೇಳಿ.

9. ಈಸ್ಟರ್ ಆದ ಮೇಲೆ

ತಪಸ್ಸಿಗೆ ನಲವತ್ತು ದಿನ, ಹಬ್ಬಕ್ಕೆ ಐವತ್ತು ದಿನ. ಪೆಂತೆಕೋಸ್ತ್ (ಪವಿತ್ರಾತ್ಮರು ಇಳಿದು ಬಂದ ಹಬ್ಬ) ಭಾನುವಾರದವರೆಗೂ ಈಸ್ಟರೇ. ಸೋಮವಾರವೇ ಎಲ್ಲ ಮುಗಿಯಿತು ಅಂತ ಹಳೇ ಚಾಳಿಗೆ ಬೀಳುವುದು ನಮ್ಮೆಲ್ಲರ ಕಥೆ. ದೇವಮಾತೆಗೆ ದಿನಾ ಮೂರು ಹೊತ್ತು ಹೇಳುವ ದೇವದೂತನ ಪ್ರಾರ್ಥನೆಯ ಬದಲು ಈ ಐವತ್ತು ದಿನ "ಸ್ವರ್ಗದ ರಾಣಿಯೇ, ಹರ್ಷಿಸು" ಅನ್ನುವ ಪ್ರಾರ್ಥನೆ ಹೇಳಬೇಕು. ಬರೆದು ಡಬ್ಬಿಯ ಮುಚ್ಚಳಕ್ಕೆ ಅಂಟಿಸಿಕೊಳ್ಳಿ.

ಖಾಲಿ ಡಬ್ಬಿಯನ್ನು ಎತ್ತಿಡಬೇಡಿ. ಅಕ್ಟೋಬರ್‌ನ ಕಡೆಯ ಭಾನುವಾರಕ್ಕೆ ಮೊದಲಿನ ಭಾನುವಾರ ವಿಶ್ವ ಮಿಷನ್ ದಿನ. 1926ರಲ್ಲಿ ಶುರುವಾದದ್ದು. ಅವತ್ತಿನ ಕಾಣಿಕೆ ಮಿಷನ್‌ಗಳಿಗೇ ಮೀಸಲು. 2026ರಲ್ಲಿ ಅದು ಅಕ್ಟೋಬರ್ 18ಕ್ಕೆ ಬರುತ್ತದೆ. ವಾರಕ್ಕೊಂದು ನಾಣ್ಯ ಹಾಕುತ್ತಾ ಬಂದರೆ ಅಷ್ಟರಲ್ಲಿ ಡಬ್ಬಿ ಮತ್ತೆ ತುಂಬಿರುತ್ತದೆ. ಅವತ್ತಿನ ಲಕೋಟೆಯ ಮೇಲೂ ಆ ಎರಡು ಪದ ಬರೆಯಲು ಮರೆಯಬೇಡಿ.